ನಾಲ್ಕು ಪಟರ್ ಬದಲಿಸಿದೆ, ಐದು ಮೀಟರಿನಿಂದಲೂ ಡಿಸ್ಕ್ ಬಾಸ್ಕೆಟ್ಟಿಗೆ ಬೀಳುತ್ತಿಲ್ಲ

ತೀರ್ಥಹಳ್ಳಿ ತೋಟ:

ಎಲ್ಲರಿಗೂ ನಮಸ್ಕಾರ. ಚಪ್ಪಟೆ ಡಿಸ್ಕನ್ನು ಎಸೆಯುತ್ತ ಸಾಗಿ, ಮೇಲೆ ಸರಪಳಿ, ಕೆಳಗೆ ತಟ್ಟೆ ಇರುವ ಬಾಸ್ಕೆಟ್ಟಿಗೆ ಬೀಳಿಸುವ ಡಿಸ್ಕ್ ಗಾಲ್ಫ್ ಆಟವನ್ನು ನಾನು ಆಡಲು ತೊಡಗಿ ಒಂದು ವರ್ಷವಾಯಿತು. ದೂರದ ಎಸೆತ ಒಂದು ಹದಕ್ಕೆ ಬಂದಿದೆ. ಪಟಿಂಗ್, ಅಂದರೆ ಹತ್ತಿರದಿಂದ ಬಾಸ್ಕೆಟ್ಟಿಗೆ ಎಸೆಯುವುದು ಮಾತ್ರ ನನ್ನ ನಿದ್ದೆ ಕೆಡಿಸಿದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಹತ್ತು ಎಸೆದರೆ ಏಳೆಂಟು ಬಾಸ್ಕೆಟ್ಟಿನೊಳಗೆ ಬೀಳುತ್ತವೆ. ಭಾನುವಾರ ಶಿವಮೊಗ್ಗಕ್ಕೆ ಹೋಗಿ ಗೆಳೆಯರೊಡನೆ ಆಡಲು ನಿಂತರೆ, ಐದು ಮೀಟರಿನಷ್ಟು ಹತ್ತಿರದಿಂದ ಎಸೆದದ್ದೂ ಕೆಲವು ಸಲ ಬಾಸ್ಕೆಟ್ಟಿನ ಮೇಲಿನಿಂದ ತೇಲಿಹೋಗುತ್ತದೆ, ಕೆಲವು ಸಲ ತಟ್ಟೆಯ ಅಂಚಿಗೆ ಬಡಿದು ಕೆಳಗೆ ಉರುಳುತ್ತದೆ. ಕಳೆದ ವಾರ ಒಂದೇ ಬಾಸ್ಕೆಟ್ಟಿಗೆ ನಾಲ್ಕು ಪಟ್ ಬೇಕಾದವು. ಮುಂದಿನದರ ಬಳಿ ಬಂದಾಗ ಡಿಸ್ಕ್ ಹಿಡಿದ ಕೈ ನಡುಗುತ್ತಿತ್ತು. ಎಂಟು ತಿಂಗಳಲ್ಲಿ ನಾಲ್ಕು ಪಟರ್ (ಪಟಿಂಗ್‌ಗೆಂದೇ ಇರುವ ಡಿಸ್ಕ್) ಕೊಂಡಿದ್ದೇನೆ, ಸಾಗಣೆಗೂ ಸುಂಕಕ್ಕೂ ಕೊಟ್ಟ ಹಣವೇ ಸಾಕಷ್ಟಾಗಿದೆ. ಐದನೆಯದನ್ನು ತರಿಸುವ ಮೊದಲು ಕೇಳುತ್ತಿದ್ದೇನೆ: ನಂಬಿ ಕೈಗೆತ್ತಿಕೊಳ್ಳಬಹುದಾದ ಪಟರ್ ಯಾವುದು? ಕೊನೆ ಕೊಯ್ಲು ಶುರುವಾದರೆ ಅಂಗಳ ಅಡಿಕೆಗೆ ಬೇಕು, ಅಭ್ಯಾಸ ನಿಂತುಹೋಗುತ್ತದೆ. ದಯವಿಟ್ಟು ಬೇಗ ತಿಳಿಸಿ.

ಗಾಜನೂರು ಗಾಳಿ:

ನಿಮ್ಮ ಪಟರಿಗೆ ಬೀಡ್ ಇದೆಯೋ ಇಲ್ಲವೋ ಎಂಬುದನ್ನು ನೀವು ಬರೆದಿಲ್ಲ, ಇಲ್ಲವೆಂದೇ ನಾನು ಭಾವಿಸುತ್ತೇನೆ. ಅಂಚಿನ ತಳದಲ್ಲಿ ಸುತ್ತಲೂ ಇರುವ ಆ ಸಣ್ಣ ಉಬ್ಬು ಬೆರಳಿಗೆ ತಾಗುತ್ತಿದ್ದರೆ ಪ್ರತಿಸಲವೂ ಡಿಸ್ಕ್ ಒಂದೇ ಹಿಡಿತದಿಂದ ಹೊರಡುತ್ತದೆ. ಬೀಡ್ ಇಲ್ಲದ ಪಟರ್ ಹಿಡಿದು ನಾನು ಎರಡು ವರ್ಷ ಕಳೆದೆ. ಬೀಡ್ ಇರುವುದಕ್ಕೆ ಬದಲಾದ ತಿಂಗಳಲ್ಲೇ ಕೈ ಹದಕ್ಕೆ ಬಂತು. ಡೈನಾಮಿಕ್ ಡಿಸ್ಕ್ಸ್‌ನವರ ಜಡ್ಜ್ ಬೀಡ್ ಇರುವಂಥದ್ದು, ಅವರದೇ ವಾರ್ಡನ್ ಬೀಡ್ ಇಲ್ಲದ್ದು. ಜಡ್ಜ್ ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ.

ಆಗುಂಬೆ ಮಳೆ:

ಬೀಡ್ ಅವರವರ ಬೆರಳಿಗೆ ಬಿಟ್ಟ ವಿಷಯ. ನಮ್ಮ ಕಡೆಯ ಮಳೆಗಾಲದಲ್ಲಿ ಮೊದಲು ನೋಡಬೇಕಾದದ್ದು ಪ್ಲಾಸ್ಟಿಕ್. ಬೆಲೆ ಹೆಚ್ಚಿನ ಪ್ಲಾಸ್ಟಿಕ್ ಬಹುಕಾಲ ಬಾಳುತ್ತದೆ, ಆದರೆ ನೀರು ಬಿದ್ದರೆ ನುಣುಪಾಗುತ್ತದೆ. ಕಡಿಮೆ ಬೆಲೆಯ ಬೇಸ್ ಪ್ಲಾಸ್ಟಿಕ್ ಬೇಗ ಸವೆದರೂ ಅಂಗೈಗೆ ಅಂಟಿಕೊಳ್ಳುತ್ತದೆ. ಜೊತೆಗೆ ಎರಡು ಬೈರಾಸು ಇಟ್ಟುಕೊಳ್ಳಿ, ಒಂದು ಡಿಸ್ಕ್ ಒರೆಸಲು, ಇನ್ನೊಂದು ಕೈ ಒರೆಸಲು, ಎರಡನೆಯದನ್ನು ಪ್ಲಾಸ್ಟಿಕ್ ಕೊಟ್ಟೆಯಿಂದ ಹೊರಗೆ ತೆಗೆದು ನೇತುಹಾಕಬೇಡಿ. ಡಿಸ್ಕ್ ಮೇಲೆ ಹಾರುತ್ತಿದೆ ಎಂದರೆ ಒದ್ದೆ ಕೈಯಿಂದ ಜಾರುತ್ತಿದೆ ಎಂದೇ ಅರ್ಥ.

ತೀರ್ಥಹಳ್ಳಿ ತೋಟ:

ಮಳೆ ಬಿಟ್ಟ ದಿನಗಳಲ್ಲೂ ಇದೇ ಪಾಡು. ನನ್ನಲ್ಲಿರುವವು ಅವಿಯಾರ್, ಜಡ್ಜ್, ಬರ್ಗ್ ಮತ್ತು ಲೂನಾ, ಒಂದೊಂದೇ. ಮನೆಯಲ್ಲಿ ನಾಲ್ಕನ್ನೂ ಸರದಿಯಂತೆ ಎಸೆಯುತ್ತೇನೆ, ಆ ದಿನ ಯಾವುದು ಹೆಚ್ಚು ಸಲ ಬಿತ್ತೋ ಅದನ್ನು ಭಾನುವಾರ ಒಯ್ಯುತ್ತೇನೆ. ಜಡ್ಜ್‌ಗೆ ಬೀಡ್ ಇದೆ, ಅದೂ ನನಗೆ ಒಲಿಯಲಿಲ್ಲ.

ಗಾಜನೂರು ಗಾಳಿ:

ಹಾಗಾದರೆ ತೂಕ ಕಡಿಮೆ ಇರಬೇಕು. ನಿಯಮದ ಪ್ರಕಾರ ಡಿಸ್ಕಿನ ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂಗಿಂತ ಹೆಚ್ಚು ತೂಕ ಇರಬಾರದು. ಅಂದರೆ 21 ಸೆಂ.ಮೀ. ಅಗಲದ ಪಟರ್ ಸುಮಾರು 174 ಗ್ರಾಂವರೆಗೆ ತೂಗಬಹುದು. ಆ ಮಿತಿಗೆ ಹತ್ತಿರ ಇರುವುದನ್ನೇ ಕೊಳ್ಳಬೇಕು. ಹಗುರವಾದದ್ದನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ. ಮತ್ತೊಂದು ಮಾತು, ಜಡ್ಜ್‌ನ ಬೀಡ್ ಚಿಕ್ಕದು. ಅವಿಯಾರ್‌ನಲ್ಲಿಯೇ ಬಿಗ್ ಬೀಡ್ ಎಂಬ ಬಗೆ ಇದೆ, ಅದನ್ನು ಒಮ್ಮೆ ನೋಡಿ.

ಆಗುಂಬೆ ಮಳೆ:

ಗಾಜನೂರಿನವರೇ, ಅವರು ಹಣ ಹೋಯಿತೆಂದು ಹೇಳುತ್ತಿರುವಾಗ ನೀವು ಐದನೆಯದನ್ನು ತೋರಿಸುತ್ತಿದ್ದೀರಿ, ಇದು ಸರಿಯಲ್ಲ. ನಾನು ಒಂದೇ ಬಗೆಯ ಪಟರನ್ನು, ಒಂದೇ ಬೇಸ್ ಪ್ಲಾಸ್ಟಿಕ್‌ನಲ್ಲಿ, ಒಂಬತ್ತು ಇಟ್ಟುಕೊಂಡಿದ್ದೇನೆ. ಎರಡು ಮಳೆಗಾಲ ಸವೆದವು ಮೃದುವಾಗಿ ಸರಪಳಿಗೆ ಅಂಟಿಕೊಂಡಂತೆ ನಿಲ್ಲುತ್ತವೆ, ಹೊಸವು ಗಾಳಿಯ ದಿನಕ್ಕೆ. ಜಗಲಿಯ ಮುಂದೆ ಬಾಸ್ಕೆಟ್ ನೆಟ್ಟು ದಿನಕ್ಕೆ ನೂರು ಎಸೆಯುತ್ತೇನೆ. ಪ್ಲಾಸ್ಟಿಕ್ ಯಾವುದೆಂದು ಅವರು ಇನ್ನೂ ಹೇಳಿಲ್ಲ.

ಗಾಜನೂರು ಗಾಳಿ:

ಒಂಬತ್ತು ಪಟರ್ ಇರುವವರು ಹಣದ ಮಾತನಾಡುವುದು ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ಬೀಡ್ ಪ್ರಶ್ನೆ ಇನ್ನೂ ಮುಗಿದಿಲ್ಲ.

ಸಾಗರದಕ್ಕ:

ಇಷ್ಟು ಹೊತ್ತು ಡಿಸ್ಕಿನ ವಿಚಾರವೇ ಆಯಿತು. ತೀರ್ಥಹಳ್ಳಿಯವರೇ, ಮನೆಯಲ್ಲಿ ಬೀಳುವ ಡಿಸ್ಕ್ ಶಿವಮೊಗ್ಗದಲ್ಲಿ ಬೀಳುವುದಿಲ್ಲ ಎಂದು ಮೊದಲ ಬರಹದಲ್ಲೇ ನೀವು ಹೇಳಿದ್ದೀರಿ. ಡಿಸ್ಕ್ ಎರಡೂ ಕಡೆ ಅದೇ. ಮನೆಯ ಬಾಸ್ಕೆಟ್ ಎಂಥದ್ದು, ಅದರ ಎತ್ತರವೆಷ್ಟು, ಸರಪಳಿ ಎಷ್ಟಿವೆ, ನೀವು ಎಲ್ಲಿ ನಿಂತು ಎಸೆಯುತ್ತೀರಿ, ಎಸೆದ ಮೇಲೆ ಕಾಲು ಎಲ್ಲಿರುತ್ತದೆ, ಇವನ್ನು ತಿಳಿಸುತ್ತೀರಾ?

ತೀರ್ಥಹಳ್ಳಿ ತೋಟ:

ಅಕ್ಕಾ, ಅದು ಮುಖ್ಯವೆಂದು ತೋರದ ಕಾರಣ ಬರೆಯಲಿಲ್ಲ. ಬಾಸ್ಕೆಟ್ ನಾನೇ ಮಾಡಿದ್ದು. ಹಳೆಯ ಸೈಕಲ್ ರಿಮ್ಮಿನಿಂದ ದನ ಕಟ್ಟುವ ತೆಳು ಸರಪಳಿಯ ಎಂಟು ತುಂಡುಗಳನ್ನು ಇಳಿಬಿಟ್ಟಿದ್ದೇನೆ, ಕೆಳಗೆ ತಂತಿಯ ಬುಟ್ಟಿ ಇದೆ. ಜೋರಾಗಿ ಎಸೆದರೆ ಡಿಸ್ಕ್ ಸರಪಳಿಗಳ ನಡುವೆ ತೂರಿ ಆಚೆಗೆ ಬೀಳುತ್ತದೆ, ಆದ್ದರಿಂದ ಮೆಲ್ಲಗೆ, ಸ್ವಲ್ಪ ಮೇಲಕ್ಕೆತ್ತಿ, ಬುಟ್ಟಿಯೊಳಗೆ ಇಳಿಯುವಂತೆ ಎಸೆಯಲು ಕಲಿತೆ. ಮಳೆಗೆ ಅಂಗಳವೆಲ್ಲ ಪಾಚಿ. ಜಾರದಿರಲೆಂದು ಹಾಸಿದ ಅಡಿಕೆ ದಬ್ಬೆಯ ಮೇಲೆ ಒಂದೇ ಕಡೆ ನಿಲ್ಲುತ್ತೇನೆ. ಬಾಸ್ಕೆಟ್ ಇರುವುದು ಅಂಗಳದ ಕೆಳಗಿನ ಮಗ್ಗುಲಲ್ಲಿ, ನಾನು ನಿಲ್ಲುವ ಜಾಗಕ್ಕಿಂತ ಒಂದು ಮೊಳ ತಗ್ಗಿನಲ್ಲಿ. ಎಸೆದ ಮೇಲೆ ಒಂದು ಹೆಜ್ಜೆ ಮುಂದೆ ಹೋಗುವುದು ಅಭ್ಯಾಸವಾಗಿದೆ. ಶಿವಮೊಗ್ಗದಲ್ಲಿ ಅದು ತಪ್ಪೆಂದು ಗೆಳೆಯರು ಹೇಳಿದಂದಿನಿಂದ ಎಸೆಯುವಾಗಲೇ ಕಾಲನ್ನು ತಡೆದುಕೊಳ್ಳುತ್ತೇನೆ.

ಸಾಗರದಕ್ಕ:

ನಿಮ್ಮ ಎರಡು ತೊಂದರೆಗಳಿಗೂ ಕಾರಣ ಇದರಲ್ಲಿಯೇ ಇದೆ.

ಬಾಸ್ಕೆಟ್ಟಿನ ಸರಪಳಿಯ ಕೆಲಸ ಡಿಸ್ಕಿನ ವೇಗವನ್ನು ಹೀರಿಕೊಂಡು ತಟ್ಟೆಗೆ ಬೀಳಿಸುವುದು. ಅದಕ್ಕಾಗಿಯೇ ಒಳ್ಳೆಯ ಬಾಸ್ಕೆಟ್ಟುಗಳಲ್ಲಿ ಹೊರಗಿನ ಸಾಲಿನ ಹಿಂದೆ ಒಳಸಾಲೂ ಇರುತ್ತದೆ. ನಿಮ್ಮದರಲ್ಲಿ ಒಂದೇ ಸಾಲು, ಅದೂ ವಿರಳ ಮತ್ತು ಹಗುರ. ಸರಿಯಾಗಿ, ನೇರವಾಗಿ ಎಸೆದ ಡಿಸ್ಕ್ ಅಲ್ಲಿ ಆಚೆಗೆ ಬೀಳುತ್ತದೆ, ಮುಂದಿನ ಅಂಚನ್ನು ಮೇಲಕ್ಕೆತ್ತಿ ಮೆಲ್ಲಗೆ ಎಸೆದದ್ದು ಒಳಗೆ ಬೀಳುತ್ತದೆ. ಒಂದು ವರ್ಷ ಆ ಬಾಸ್ಕೆಟ್ ನಿಮ್ಮ ಒಳ್ಳೆಯ ಎಸೆತವನ್ನು ಶಿಕ್ಷಿಸಿ ದುರ್ಬಲ ಎಸೆತವನ್ನು ಮೆಚ್ಚಿದೆ, ಕೈ ಅದನ್ನೇ ಕಲಿತಿದೆ. ಮನೆ ಒಂದು ಕಡೆ, ಎತ್ತರದ ಮಣ್ಣಿನ ಧರೆ ಇನ್ನೊಂದು ಕಡೆ ಇರುವ ಮಲೆನಾಡಿನ ಅಂಗಳದಲ್ಲಿ ಗಾಳಿಯೂ ಅಷ್ಟಾಗಿ ಸುಳಿಯದು. ಶಿವಮೊಗ್ಗದ ಬಯಲಿನಲ್ಲಿ ಎದುರುಗಾಳಿ ಬಂದಾಗ ಎತ್ತಿದ ಅಂಚಿನ ಕೆಳಗೆ ಗಾಳಿ ಹೊಕ್ಕು ಡಿಸ್ಕನ್ನು ಮೇಲಕ್ಕೆ ಒಯ್ಯುತ್ತದೆ. ಗಾಳಿ ಇಲ್ಲದಿದ್ದರೆ ಅಥವಾ ಬೆನ್ನಿಗಿದ್ದರೆ, ಒಂದು ಮೊಳ ತಗ್ಗಿಗೆ ಎಸೆಯಲು ಪಳಗಿದ ಬಲ ಸಮತಟ್ಟು ನೆಲದಲ್ಲಿ ಸಾಲದೆ ಡಿಸ್ಕ್ ಅಂಚಿಗೆ ಬಡಿಯುತ್ತದೆ. ಇದಕ್ಕೆ ಅವಿಯಾರ್ ಆದರೂ ಒಂದೇ, ಲೂನಾ ಆದರೂ ಒಂದೇ.

ಹೆಜ್ಜೆಯ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ಸರಿ. ಬಾಸ್ಕೆಟ್ಟಿನಿಂದ 10 ಮೀಟರಿನೊಳಗೆ ಎಸೆದವರು, ಡಿಸ್ಕ್ ಬಿದ್ದಿದ್ದ ಜಾಗದ ಗುರುತಿನ ಹಿಂದೆ ಸಮತೋಲದಿಂದ ನಿಂತು ತೋರಿಸಿದ ಮೇಲೆಯೇ ಮುಂದೆ ಹೋಗಬೇಕು. ಆದರೆ ಎಸೆಯುವ ಗಳಿಗೆಯಲ್ಲಿ ಕಾಲನ್ನು ತಡೆದರೆ ತೋಳೂ ತಡೆಯುತ್ತದೆ. ಕೈ ನಡುಗಲು ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಮನೆಯಲ್ಲಿಯೇ ಎಸೆದು, ಹಿಂದಿನ ಕಾಲನ್ನು ಗಾಳಿಯಲ್ಲಿ ಬಿಟ್ಟು, ಮುಂದಿನ ಕಾಲಿನ ಮೇಲೆ ಎರಡು ಎಣಿಸುವಷ್ಟು ನಿಂತರೆ ಮೈದಾನದಲ್ಲಿ ಅದನ್ನು ನೆನಪಿಸಿಕೊಳ್ಳಬೇಕಾಗುವುದಿಲ್ಲ.

ರಿಮ್ಮಿನೊಳಗೆ ಚಿಕ್ಕದೊಂದು ಕಬ್ಬಿಣದ ಬಳೆ ಕಟ್ಟಿ ಇನ್ನೊಂದು ಸಾಲು ಸರಪಳಿ ಇಳಿಬಿಡಿ, ಹೊರಸಾಲಿನ ಸಂದುಗಳಿಗೆ ಅವು ಅಡ್ಡ ಬರಲಿ. ತಟ್ಟೆಯ ಅಂಚು ನೀವು ನಿಲ್ಲುವ ನೆಲದಿಂದ ಸುಮಾರು 82 ಸೆಂ.ಮೀ. ಎತ್ತರಕ್ಕೆ ಬರುವಂತೆ ಕಲ್ಲಿನ ಮೇಲೆ ಎತ್ತಿ. ಮೂರು ಮೀಟರಿನಿಂದ ಶುರುಮಾಡಿ, ಇಡೀ ಬಾಸ್ಕೆಟ್ಟನ್ನು ನೋಡದೆ ಸರಪಳಿಯ ಒಂದೇ ಕೊಂಡಿಯನ್ನು ನೋಡುತ್ತ ಗಟ್ಟಿಯಾಗಿ ಎಸೆಯಿರಿ. ಹತ್ತಕ್ಕೆ ಒಂಬತ್ತು ಬಿದ್ದ ದಿನ ಒಂದು ಹೆಜ್ಜೆ ಹಿಂದಕ್ಕೆ ಸರಿಯಿರಿ. ನಾಲ್ಕರಲ್ಲಿ ಒಂದನ್ನೇ ಆರಿಸಿಕೊಳ್ಳಿ. ಬರ್ಗ್‌ನ ಗ್ಲೈಡ್, ಅಂದರೆ ಗಾಳಿಯಲ್ಲಿ ತೇಲುವ ಗುಣಕ್ಕೆ ಕೊಡುವ ಅಂಕ 1, ಜಡ್ಜ್‌ನದು 4. ಒಂದು ಇಳಿಯುವ ಜಾಗದಲ್ಲಿ ಇನ್ನೊಂದು ಇನ್ನೂ ತೇಲುತ್ತಿರುತ್ತದೆ. ದಿನಕ್ಕೊಂದು ಹಿಡಿದರೆ ಯಾವ ಕೈಯೂ ಅಳತೆ ಕಲಿಯಲಾರದು.

ಗಾಜನೂರು ಗಾಳಿ:

ಮನೆಯಲ್ಲಿ ಮಾಡಿದ ಬಾಸ್ಕೆಟ್ಟಿನಲ್ಲಿ ಕಲಿತು ಚೆನ್ನಾಗಿ ಆಡುವವರು ಇದ್ದಾರೆ. ಎಲ್ಲ ತಪ್ಪನ್ನೂ ಸರಪಳಿಯ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದನ್ನೇ ಆರಿಸುವುದಾದರೆ ಜಡ್ಜ್ ಆರಿಸಿ.

ಸಾಗರದಕ್ಕ:

ನನ್ನದೂ ಮನೆಯಲ್ಲಿ ಮಾಡಿದ್ದೇ, ಎರಡು ಸಾಲಿನದು. ಮನೆಯಲ್ಲಿ ಮಾಡಿದ್ದನ್ನು ನಾನು ದೂರಲಿಲ್ಲ.

ತೀರ್ಥಹಳ್ಳಿ ತೋಟ:

ಮೂರು ವಾರವಾಯಿತು. ಒಳಸಾಲು ಕಟ್ಟಿದೆ, ಬಾಸ್ಕೆಟ್ಟನ್ನು ಕೊಟ್ಟಿಗೆಯ ಮಗ್ಗುಲಿನ ಸಮ ನೆಲಕ್ಕೆ ತಂದೆ. ಅಕ್ಕ ಹೇಳಿದಂತೆ ಎತ್ತರವನ್ನೂ ಅಳೆದೆ. ಜಡ್ಜ್ ಒಂದನ್ನೇ ಎಸೆಯುತ್ತಿದ್ದೇನೆ, ಉಳಿದ ಮೂರು ಅಟ್ಟದಲ್ಲಿವೆ. ಮೊದಲ ವಾರ ಮೂರು ಮೀಟರಿನಿಂದಲೂ ತಪ್ಪಿ ಬಹಳ ಬೇಸರವಾಗಿತ್ತು. ಎರಡನೆಯ ವಾರದ ಕೊನೆಗೆ ಡಿಸ್ಕ್ ಸರಪಳಿಗೆ ಬಡಿಯುವ ಸದ್ದು ಬದಲಾಯಿತು. ಮೊನ್ನೆ ಶಿವಮೊಗ್ಗದಲ್ಲಿ ಐದು ಮೀಟರಿನೊಳಗಿನ ಹನ್ನೊಂದು ಪಟ್‌ಗಳಲ್ಲಿ ಹತ್ತು ಬಿದ್ದವು, ಎದುರುಗಾಳಿಯಲ್ಲಿಯೂ. ಕೈ ನಡುಗಲಿಲ್ಲ. ಆದರೆ ಎಂಟು ಒಂಬತ್ತು ಮೀಟರಿನಿಂದ ಎಸೆದವೆಲ್ಲ ಎಡಕ್ಕೆ ಹೋದವು, ಆರರಲ್ಲಿ ಒಂದೂ ಬೀಳಲಿಲ್ಲ. ಇದಕ್ಕೇನು ಮಾಡಲಿ?

ಆಗುಂಬೆ ಮಳೆ:

ಸಂತೋಷವಾಯಿತು. ಆ ಜಡ್ಜ್ ಯಾವ ಪ್ಲಾಸ್ಟಿಕ್‌ನದು?

ಸಾಗರದಕ್ಕ:

ಬಲಗೈಯಿಂದ ಎಸೆದ ಡಿಸ್ಕ್ ವೇಗ ಕಳೆದುಕೊಂಡಾಗ ಎಡಕ್ಕೆ ವಾಲುವುದು ಸಹಜ, ಆದರೆ ಆರಕ್ಕೆ ಆರೂ ಎಂದರೆ ನಿಂತ ಬಗೆಯನ್ನು ನೋಡಬೇಕು. ನೀವು ಯಾವ ಕೈಯಿಂದ ಎಸೆಯುವವರು, ಯಾವ ಕಾಲು ಮುಂದಿತ್ತು, ನೆಲ ಯಾವ ಕಡೆಗೆ ಇಳಿಜಾರಾಗಿತ್ತು, ಗಾಳಿ ಎಲ್ಲಿಂದ ಬೀಸುತ್ತಿತ್ತು ಎಂಬುದನ್ನು ಬರೆಯಿರಿ. ನೋಡಿ ಹೇಳುತ್ತೇನೆ.