ವೈನಿ, ಆ ಶೇಂಗಾ ಎಮ್ಮಿಗೂ ಹಾಕಬ್ಯಾಡ್ರಿ

ವೈನಿ, ನೀವು ಗ್ರೂಪಿನ್ಯಾಗ ಹಾಕಿದ ಫೋಟೋ ಈಗ ನೋಡಿದೆ. ಟೈಪ್ ಮಾಡ್ಕೋತ ಕುಂತ್ರ ಮುಗಿಯಂಗಿಲ್ಲ ಅಂತ ಮಾತಾಡೇ ಕಳಸಾಕತ್ತೀನಿ. ಸ್ವಲ್ಪ ಉದ್ದ ಆಗತೈತಿ, ಪೂರಾ ಕೇಳ್ರಿ. ಕಾಕಾ, ನೀವೂ ಕೇಳ್ರಿ.

ಪಂಚಮಿ ಉಂಡಿಗೆ ಅಂತ ಚೀಲಾ ಬಿಚ್ಚೀರಿ, ಮಾಳಿಗಿ ಸೋರಿ ತಳದಾಗ ನೀರು ಇಳದೈತಿ, ಕಾಳಿಗೆ ಹಸರ ಬೂಷ್ಟು ಹಿಡದೈತಿ. ಕಾಕಾ ಅಂದ್ರು, ಬಿಸಲಿಗೆ ಹಾಕಿ ಚಂದಂಗ ಹುರೀರಿ, ಬೆಂಕಿ ಮುಂದ ಏನು ಉಳಿತೈತಿ ಅಂತ. ತಮ್ಮ ಅಂದ, ಉಂಡಿಗೆ ಬ್ಯಾಡಂದ್ರ ಎಮ್ಮಿಗೆ ಹಾಕ್ರಿ ಅಂತ. ಎರಡೂ ಬ್ಯಾಡ್ರಿ. ಕೈ ಮುಗಿದು ಹೇಳ್ತೀನಿ.

ಕಾಕಾ, ಹುರದ್ರ ಬೂಷ್ಟು ಸಾಯತೈತಿ, ಅದು ಖರೇ. ಆದ್ರ ಆ ಬೂಷ್ಟು ಕಾಳಿನೊಳಗ ಬಿಟ್ಟ ವಿಷ ಸಾಯಂಗಿಲ್ಲ. ಅದಕ್ಕ ಅಫ್ಲಾಟಾಕ್ಸಿನ್ ಅಂತಾರ. ಹುರದ್ರ ಒಂದೀಟು ಕಮ್ಮಿ ಆಗಬಹುದು, ಪೂರಾ ಹೋಗಂಗಿಲ್ಲ. ಬಿಸಲಿಗೆ ಹಾಕಿದ್ರ ಮುಂದ ಬೂಷ್ಟು ಬೆಳಿಯೋದು ನಿಂದರತೈತಿ, ಆಗಲೇ ಕೂಡಿದ ವಿಷ ಅಲ್ಲೇ ಕುಂತಿರತೈತಿ. ಕಣ್ಣಿಗೆ ಕಾಣಂಗಿಲ್ಲ. ಇವತ್ತು ತಿಂದು ನಾಳೆ ಹೊಟ್ಟಿ ನೋವು ಬಂದ್ರ ಮನಷ್ಯಾ ಎಚ್ಚರ ಆಗ್ತಾನ. ಇದು ಹಂಗಲ್ಲ, ಸ್ವಲ್ಪ ಸ್ವಲ್ಪ ಹೊಟ್ಟಿಗೆ ಹೋದ್ರ ವರ್ಷಗಟ್ಟಲೆ ಯಕೃತ್ತು ತಿಂತೈತಿ, ಒಮ್ಮೆಗೇ ಭಾಳ ಹೋದ್ರ ಜೀವಾನೇ ತಗೀತೈತಿ. ಕ್ಯಾನ್ಸರ್ ತರೋದು ಖಾತ್ರಿ ಆದ ವಸ್ತುಗಳ ಪಟ್ಟಿಯೊಳಗ ಇದರ ಹೆಸರೈತಿ. ಹೆಪಟೈಟಿಸ್ ಬಿ ಅನ್ನೋ ಯಕೃತ್ತಿನ ರೋಗ ಇದ್ದವರಿಗಂತೂ ಅಪಾಯ ಹತ್ತಾರು ಪಟ್ಟು ಏರತೈತಿ.

ಈ ವಿಷ ಜಗತ್ತಿಗೆ ಗೊತ್ತಾಗಿದ್ದೇ ಶೇಂಗಾದಿಂದ. 1960ರಾಗ ಇಂಗ್ಲೆಂಡಿನ್ಯಾಗ ಒಂದು ಲಕ್ಷದ ಮ್ಯಾಲ ಟರ್ಕಿ ಕೋಳಿ ಸತ್ತುವು. ಯಾವ ರೋಗ ಅಂತ ತಿಳೀಲಿಲ್ಲ. ಹುಡುಕ್ಕೋತ ಹೋದ್ರ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ಮೇವಿನೊಳಗ ಇತ್ತು, ಅದಕ್ಕ ಬೂಷ್ಟು ಹಿಡದಿತ್ತು. ಕೋಳಿ ದೂರದ ಮಾತು ಅಂತೀರೇನು? 1974ರಾಗ ನಮ್ಮ ದೇಶದಾಗ, ರಾಜಸ್ಥಾನ–ಗುಜರಾತದ ಆದಿವಾಸಿ ಊರುಗಳೊಳಗ, ಮಳೀಗೆ ನೆನೆದ ಗೋವಿನಜೋಳ ತಿಂದು 100ಕ್ಕೂ ಹೆಚ್ಚು ಮಂದಿ ಸತ್ರು. 2004ರಾಗ ಕೆನ್ಯಾದೊಳಗ 125 ಮಂದಿ, ಅದೂ ಹಸಿ ಇದ್ದಾಗ ಮನ್ಯಾಗ ಕೂಡಿಟ್ಟ ಗೋವಿನಜೋಳದಿಂದ. ಬಡವರು ಚೆಲ್ಲಾಕ ಹೆದರ್ತಾರ, ಹಂಗಾಗೇ ಇದು ಬಡವರನ್ನ ಹೆಚ್ಚು ಹಿಡೀತೈತಿ.

ಇನ್ನ ಎಮ್ಮಿ. ನಮ್ಮ ಕಡೆ ಹಿಂಡಿ ಅಂದ್ರ ಎರಡಲ್ಲೇನ್ರಿ, ಒಂದು ರೊಟ್ಟಿ ಜೋಡಿ ನಾವು ತಿನ್ನೋದು, ಇನ್ನೊಂದು ಎಣ್ಣಿ ತಗದ ಮ್ಯಾಲ ದನಕ್ಕ ಹೋಗೋದು. ಬೂಷ್ಟಿನ ಕಾಳು ಗಾಣಕ್ಕ ಒಯ್ದ್ರ ವಿಷದ ಹೆಚ್ಚಿನ ಪಾಲು ದನದ ಹಿಂಡಿಯೊಳಗ ಉಳಿತೈತಿ. ಎಮ್ಮಿ ತಿಂದ ವಿಷ ಒಂದು ದಿನದೊಳಗ ರೂಪ ಬದಲಿಸಿ ಹಾಲಿನ್ಯಾಗ ಇಳಿತೈತಿ, ಹಾಲು ಕಾಸಿದ್ರೂ ಹೋಗಂಗಿಲ್ಲ. ಆ ಹಾಲು ಯಾರು ಕುಡಿತಾರ? ನಿಮ್ಮ ಮೊಮ್ಮಗಳು.

ನಮ್ಮ ದೇಶದ ಕಾಯಿದಿ ಪ್ರಕಾರ ನೇರ ತಿನ್ನೋ ಶೇಂಗಾದಾಗ ಈ ವಿಷ ಕಿಲೋಕ್ಕ 10 ಮೈಕ್ರೋಗ್ರಾಮ್ ದಾಟಬಾರದು. ಒಂದು ಗ್ರಾಮಿನ್ಯಾಗ 10 ಲಕ್ಷ ಮೈಕ್ರೋಗ್ರಾಮ್ ಇರತಾವು, ಅದರಾಗ ಹತ್ತು ಅಂದ್ರ ಎಷ್ಟು ಸಣ್ಣದು ನೋಡ್ರಿ. ಯುರೋಪಿನ್ಯಾಗ ಬರೇ 4. ಅಲ್ಲಿಗೆ ಹೋಗೋ ಮಾಲು ಲ್ಯಾಬಿನ್ಯಾಗ ಪಾಸಾಗೇ ಹಡಗ ಹತ್ತತೈತಿ. ನಮ್ಮ ಸಂತಿಯೊಳಗ ತಟ್ಟಿನ ಮ್ಯಾಲ ಸುರುವಿದ್ದನ್ನ ಯಾರು ನೋಡ್ತಾರ? ಇದು ನನಗ ಭಾಳ ಸಂಕಟ ಆಗೋ ಮಾತು. ನಮ್ಮ ಹುಡುಗೂರ ಯಕೃತ್ತೇನು ಅಗ್ಗದ್ದೇನ್ರಿ?

ನಾವೂ ಒಮ್ಮೆ ತಪ್ಪು ಮಾಡೀವಿ. ನಮ್ಮ ಸಂಘದಾಗ ಹಿಂಡಿ ಕುಟ್ಟೋ ಹೊತ್ತಿಗೆ ಒಬ್ಬ ವ್ಯಾಪಾರಿ ಅರ್ಧ ರೇಟಿಗೆ ಒಡಕು ಕಾಳು ಕೊಟ್ಟ. ಬೆಳ್ಳೊಳ್ಳಿ, ಖಾರಪುಡಿ, ಜೀರಗಿ ಹಾಕಿದ ಮ್ಯಾಲ ಎಲ್ಲಾ ಮುಚ್ಚಿ ಹೋತು. ಆಮ್ಯಾಲ ಒಬ್ಬಾಕಿ ಮುದುಕಿ ನಾಲಗಿಗೆ ಹಚ್ಚಿ, "ತಂಗಿ, ಇದು ಕಹಿ ಐತವ್ವ" ಅಂದ್ಲು. ಅಷ್ಟೂ ಮಾಲು ತಗ್ಗು ತೋಡಿ ಮುಚ್ಚಿದ್ವಿ. ಅವತ್ತಿನಿಂದ ಒಡಕು ಕಾಳು ನಮ್ಮ ಹೊಸ್ತಿಲ ದಾಟಿಲ್ಲ.

ಅವ್ವ ಮೊರದಾಗ ಕಾಳು ಹರವಿ ಒಂದೊಂದೇ ಆರಸ್ತಿದ್ಲು, ನೆನಪೈತೇನು ಅಣ್ಣಾ? ಮುರುಟಿದ್ದು, ಕಪ್ಪಾದದ್ದು, ಹುಳ ಕೊರದದ್ದು, ಎಲ್ಲಾ ಆಚಿಗಿ. ಆಕೀಗೆ ಅಫ್ಲಾಟಾಕ್ಸಿನ್ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಈ ವಿಷ ಎಲ್ಲಾ ಕಾಳಿನ್ಯಾಗ ಸಮ ಇರಂಗಿಲ್ಲ, ಕೆಲವೇ ಕೆಟ್ಟ ಕಾಳಿನೊಳಗ ಗಡ್ಡಿಗಟ್ಟಿ ಇರತೈತಿ. ಹಂಗಾಗಿ ಚಲೋ ಮಾಲಿನೊಳಗಿನ ಕೆಟ್ಟ ಕಾಳು ಆರಿಸಿ ತಗದ್ರ ದೊಡ್ಡ ಪಾಲು ವಿಷ ಹೊರಗ ಹೋಗತೈತಿ. ಆದ್ರ ವೈನಿ, ನಿಮ್ಮ ಚೀಲಾ ಆರಸೋ ಹಂತ ದಾಟೈತಿ. ತಳದ ಕಾಳು ಉಂಡಿಗಟ್ಟಿ ಕುಂತಾವ. ಮ್ಯಾಲಿನವೂ ಬ್ಯಾಡ.

ಅಣ್ಣಾ, ಈ ಸಲ ನೀ ಒಂದು ಕೆಲಸ ಮಾಡು. ಹಿಂಗಾರಿ ಮಳಿ ಬರೋ ಹೊತ್ತಿಗೇ ನಮ್ಮ ಶೇಂಗಾ ಕೀಳಾಕ ಬರತೈತಿ, ತೊಂದ್ರಿ ಅಲ್ಲೇ ಶುರು. ಕಿತ್ತ ಬಳ್ಳಿ ಗುಂಪಿ ಒಟ್ಟಬ್ಯಾಡ, ಕಾಯಿ ಮ್ಯಾಲ ಮಾಡಿ ಬಿಸಲಿಗೆ ಬಿಡು. ಬಿಡಿಸಿದ ಮ್ಯಾಲ ತಾಡಪತ್ರಿ ಮ್ಯಾಲ ತೆಳ್ಳಗ ಹರವು, ಸಂಜಿಮುಂದ ಮುಚ್ಚು. ಕಾಯಿ ಕಿವಿ ಹತ್ರ ಅಲ್ಲಾಡಿಸಿದ್ರ ಗಲಗಲ ಅನಬೇಕು, ಕಾಳು ತಿಕ್ಕಿದ್ರ ಸಿಪ್ಪಿ ಉದುರಬೇಕು. ಅಲ್ಲಿತನ ಚೀಲಾ ಕಟ್ಟಬ್ಯಾಡ. ಚೀಲಾ ನೆಲಕ್ಕ, ಗ್ವಾಡಿಗೆ ತಾಗಬಾರದು, ಕೆಳಗ ಹಲಗಿ ಹಾಕು. ಸಿಪ್ಪಿ ಸಮೇತ ಇಡು, ಬೇಕಾದಷ್ಟೇ ಒಡೀರಿ. ಮತ್ತ ಆ ಮಾಳಿಗಿ ಮೊದಲು ರಿಪೇರಿ ಮಾಡಸು.

ವೈನಿ, ಆ ಚೀಲಾ ಎತ್ತುವಾಗ ಮೂಗಿಗೆ ಅರಿವಿ ಕಟ್ಕೋರಿ, ಆ ಧೂಳೂ ಚಲೋ ಅಲ್ಲ. ಹೊಲದ ಬದುವಿಗೆ ಆಳಾಗಿ ಮುಚ್ಚಿಸ್ರಿ, ತಿಪ್ಪಿಗೆ ಚೆಲ್ಲಬ್ಯಾಡ್ರಿ, ಕೋಳಿ ಕೆದರಿ ತಿಂತಾವು. ಕೆಲಸಕ್ಕ ಬರೋ ಹೆಣ್ಣಮಕ್ಕಳು ಕೇಳಿದ್ರೂ ಕೊಡಬ್ಯಾಡ್ರಿ. ಉಂಡಿ ಚಿಂತಿ ಬಿಡ್ರಿ. ನಾ ರವಿವಾರ ಬಾಗಲಕೋಟಿಯಿಂದ ಮುಂಜಾನಿ ಬಸ್ಸಿಗೆ ಬರ್ತೀನಿ, ನಾವೇ ಆರಿಸಿದ ಐದು ಕಿಲೋ ಕಾಳು ತರ್ತೀನಿ. ಬೆಲ್ಲ ಅಷ್ಟು ನೀವು ನೋಡ್ಕೋರಿ.