ಮೂರು ಮನೆ, ಒಂದು ವ್ಯಾಕ್ಯೂಮ್ ಕ್ಲೀನರ್

ನಾನು: ರಿಪೇರಿಯವರು ಈಗ ಫೋನ್ ಮಾಡಿದ್ದರು. ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಮಾತ್ರ ಸವೆದಿದ್ದರೆ ಬದಲಾಯಿಸಿ ಕೊಡ್ತಿದ್ದರಂತೆ. ಆದರೆ ಮೋಟಾರಿನ ಕಾಯಿಲ್ಲೇ ಸುಟ್ಟು ಹೋಗಿದೆ. ಹೊಸ ಮೋಟಾರ್ ಹಾಕಿಸೋ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಮೆಷಿನ್ನೇ ಬರುತ್ತದೆ. ಅಂದ ಹಾಗೆ ಫಿಲ್ಟರಿನ ಫೋಟೋ ಕಳಿಸಿದ್ದಾರೆ, ನೋಡಿ. ಸುಣ್ಣ ಬಳಿದ ಹಾಗಿದೆ.

ದೊಡ್ಡಣ್ಣ: ಹೋಗಲಿ ಬಿಡು ತಂಗಿ, ಒಂಬತ್ತು ವರ್ಷ ದುಡಿದಿದೆ. ಈ ಸಲ ಮೂರು ಮನೆಯವರೂ ಸೇರಿ ಗಟ್ಟಿಯಾದ್ದೇ ತಗೊಳ್ಳೋಣ. 2000 ವ್ಯಾಟಿಂದು ಒಂದು ನೋಡಿಟ್ಟಿದ್ದೇನೆ. ಹಳೇದು 1200 ಅಲ್ವಾ, ಅದಕ್ಕೇ ತಡೆಯಲಿಲ್ಲ.

ಭಾವ: ಈ ಕಾಲದಲ್ಲೂ ಪೈಪ್ ಹಿಡ್ಕೊಂಡು ಓಡಾಡ್ತೀರಾ? ರೋಬೋಟ್ ತಗೊಳ್ಳಿ. ಲಿಂಕ್ ಹಾಕಿದ್ದೇನೆ. 5000 ಪಾಸ್ಕಲ್ ಸಕ್ಷನ್, ಮನೆಯ ನಕ್ಷೆ ತಾನೇ ಮಾಡಿಕೊಳ್ಳುತ್ತದೆ, ನಾವು ಆಫೀಸಿಗೆ ಹೋದ ಮೇಲೆ ಅದರ ಪಾಡಿಗೆ ಅದು ಗುಡಿಸಿಕೊಂಡಿರುತ್ತದೆ.

ಅತ್ತಿಗೆ: ಆ ಬಿಳಿ ಪುಡಿ ಏನು ಅಂತ ಯಾರೂ ಕೇಳಲೇ ಇಲ್ಲವಲ್ಲ 🙂

ದೊಡ್ಡಣ್ಣ: ಧೂಳು ಕಣೇ. ವ್ಯಾಕ್ಯೂಮ್ ಒಳಗೆ ಧೂಳಲ್ಲದೆ ಇನ್ನೇನಿರುತ್ತೆ.

ನಾನು: ಅಣ್ಣ, ವ್ಯಾಟ್ ಅಂದರೆ ಅದು ತಿನ್ನೋ ಕರೆಂಟು, ಎಳೆಯೋ ಶಕ್ತಿ ಅಲ್ಲ. ಯುರೋಪಿಯನ್ ಒಕ್ಕೂಟದವರು 2014ರಲ್ಲಿ 1600 ವ್ಯಾಟಿಗಿಂತ ದೊಡ್ಡದನ್ನ ಮಾರುಕಟ್ಟೆಗೆ ಬಿಡಬಾರದು ಅಂದರು, 2017ರಲ್ಲಿ ಅದನ್ನ 900ಕ್ಕೆ ಇಳಿಸಿದರು. ಹಾಗಂತ ಅಲ್ಲಿನ ಮನೆಗಳಲ್ಲಿ ಕಸ ಉಳಿದುಕೊಂಡಿಲ್ಲ. ಬ್ರಷ್ಷು, ಪೈಪು, ಗಾಳಿ ಹೋಗೋ ದಾರಿ ಸರಿಯಾಗಿ ಮಾಡಿದ್ದರೆ 800 ವ್ಯಾಟಿಂದೂ ಚೆನ್ನಾಗಿ ಎಳೆಯುತ್ತದೆ. ಇನ್ನು ಭಾವ, 5000 ಪಾಸ್ಕಲ್ ಅಂದರೆ 5 ಕಿಲೋಪಾಸ್ಕಲ್ ಅಷ್ಟೇ. ನಮ್ಮ ಸತ್ತ ಮೆಷಿನ್ ಡಬ್ಬದ ಮೇಲೆ 20 ಕಿಲೋಪಾಸ್ಕಲ್ ಅಂತ ಇದೆ. ಸೊನ್ನೆ ಜಾಸ್ತಿ ಕಾಣಲಿ ಅಂತ ಹಾಗೆ ಬರೆಯೋದು.

ಭಾವ: ಅದು ಸರಿ ಹೋಲಿಕೆ ಅಲ್ಲಮ್ಮ. ರೋಬೋಟಿನ ಬಾಯಿ ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ, ನಡುವೆ ಎರಡು ಮೀಟರ್ ಪೈಪ್ ಇಲ್ಲ. ಅಷ್ಟು ಸಕ್ಷನ್ ಬೇಕಾಗೋದೇ ಇಲ್ಲ.

ನಾನು: ಅದು ಒಪ್ಪಿದೆ. ಪಾಸ್ಕಲ್ ಲೆಕ್ಕವೇ ಅರ್ಧ ಸತ್ಯ. ಪೈಪಿನ ಬಾಯಿಗೆ ಅಂಗೈ ಮುಚ್ಚಿ ಹಿಡಿದಾಗ ಎಷ್ಟು ಜಗ್ಗುತ್ತದೆ ಅನ್ನೋದು ಪಾಸ್ಕಲ್. ಕೈ ತೆಗೆದ ಮೇಲೆ ಎಷ್ಟು ಗಾಳಿ ಒಳಗೆ ಹೋಗುತ್ತದೆ ಅನ್ನೋದು ಬೇರೆ. ಕಸವನ್ನ ಹೊತ್ತುಕೊಂಡು ಹೋಗೋದು ಆ ಗಾಳಿನೇ. ಎರಡೂ ಸೇರಿದ ಲೆಕ್ಕ ಏರ್‌ವ್ಯಾಟ್, ಅದನ್ನ ಬರೆಯೋರು ಕಡಿಮೆ.

ಅಕ್ಕ: ನಿಮ್ಮ ಫಿಸಿಕ್ಸ್ ಸಾಕು. ರೋಬೋಟ್ ಮೆಟ್ಟಿಲು ಹತ್ತುತ್ತಾ? ಸೋಫಾ ಮೇಲೆ ಹತ್ತುತ್ತಾ? ಹಾಸಿಗೆ? ನಮ್ಮ ಮನೆ ಹೊಸ್ತಿಲೇ ದಾಟಲ್ಲ. ಈ ಮನುಷ್ಯರ ಚಾರ್ಜರ್ ವೈರು ನೆಲದ ಮೇಲೆ ಹಾವಿನ ಹಾಗೆ ಬಿದ್ದಿರುತ್ತೆ, ಅದನ್ನ ಸುತ್ತಿಕೊಂಡು ನಿಂತ್ಕೊಳ್ಳುತ್ತೆ ಅಷ್ಟೇ. ನನ್ನ ಓಟು ಕಾರ್ಡ್‌ಲೆಸ್ಸಿಗೆ. ಹಗುರ, ಅಮ್ಮ ಒಂದು ಕೈಲಿ ಎತ್ತಬಹುದು.

ದೊಡ್ಡಣ್ಣ: ಹಗುರ ಎಲ್ಲಿ? ಮೋಟಾರು, ಬ್ಯಾಟರಿ, ಕಸದ ಡಬ್ಬಿ ಎಲ್ಲಾ ಕೈಯಲ್ಲೇ ಹಿಡ್ಕೋಬೇಕು. ಅದೇ ಹಳೇ ಮಾದರಿದು ಐದು ಕೆಜಿ ಇದ್ದರೂ ಚಕ್ರದ ಮೇಲೆ ಹಿಂದೆ ಬರುತ್ತೆ, ಕೈಗೆ ಬರೋದು ಪೈಪ್ ಭಾರ ಮಾತ್ರ. ಅಂಗಡಿಯಲ್ಲಿ ಎತ್ತಿ ನೋಡಿದರೆ ಆಗಲ್ಲ, ಹತ್ತು ನಿಮಿಷ ಹಿಡ್ಕೊಂಡು ನೋಡ್ಬೇಕು.

ನಾನು: ಅಣ್ಣ ಇವತ್ತು ಮೊದಲ ಸಲ ಸರಿಯಾದ ಮಾತಾಡಿದ್ದಾನೆ. ಬ್ಯಾಟರಿ ವಿಷಯ ನಾನು ಹೇಳ್ತೀನಿ. 40 ನಿಮಿಷ ಅಂತ ಬರೆದಿರೋದು ಕಡಿಮೆ ವೇಗದಲ್ಲಿ, ಬ್ರಷ್ ಹಾಕದೆ ಓಡಿಸಿದಾಗ. ಜೋರು ಮಾಡಿದರೆ ಹತ್ತು ನಿಮಿಷ ಬಂದರೆ ಹೆಚ್ಚು. ಲಿಥಿಯಂ ಬ್ಯಾಟರಿ ವರ್ಷ ಕಳೆದ ಹಾಗೆ ಸೊರಗುತ್ತದೆ. ಅದೂ ಇರಲಿ. ಇದು ಮೂರು ಮನೆ ಸುತ್ತೋ ಮೆಷಿನ್ನು. ನಮ್ಮಲ್ಲಿ ಯಾರಾದರೂ ಚಾರ್ಜ್ ಮಾಡಿ ವಾಪಸ್ ಕೊಡ್ತಾರೆ ಅಂತ ನಿಮಗೆ ನಂಬಿಕೆ ಇದೆಯಾ? ಸ್ಕೂಟರನ್ನೇ ರಿಸರ್ವ್‌ಗೆ ತಂದು ನಿಲ್ಲಿಸೋ ವಂಶ ನಮ್ಮದು.

ಭಾವ: 😂😂

ಅಕ್ಕ: ನೀವು ನಗಬೇಡಿ. ಸ್ಕೂಟರ್ ನಿಲ್ಲಿಸಿದ್ದು ನೀವೇ.

ಚಿಕ್ಕಪ್ಪ: ಎಲ್ಲರಿಗೂ ಶುಭೋದಯ. ಒಂದು ವಿಷಯ ಗೊತ್ತಾ? 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಇಂಗ್ಲೆಂಡಿನ ಇಂಜಿನಿಯರ್ ವ್ಯಾಕ್ಯೂಮ್ ಕ್ಲೀನರ್‌ಗೆ ಪೇಟೆಂಟ್ ತಗೊಂಡ. ಅದನ್ನ ಕುದುರೆ ಗಾಡಿ ಮೇಲೆ ಎಳ್ಕೊಂಡು ಬರಬೇಕಿತ್ತು. ಗಾಡಿ ಬೀದಿಯಲ್ಲಿ ನಿಲ್ಲೋದು, ಉದ್ದ ಪೈಪ್ ಕಿಟಕಿಯಿಂದ ಮನೆಯೊಳಗೆ ಹೋಗೋದು. ಒಂದು ಮೆಷಿನ್, ಊರಿಗೆಲ್ಲಾ.

ನಾನು: ಚಿಕ್ಕಪ್ಪ, ಅವರ ಮೆಷಿನ್ ಜೊತೆ ಅವರ ಕೆಲಸಗಾರರೂ ಬರ್ತಿದ್ದರು. ನಮ್ಮದರಲ್ಲಿ ಅದೇ ಕೊರತೆ.

ಅತ್ತಿಗೆ: ನನಗೆ ಬೇಕಿರೋದು ಒಂದೇ, ಚೀಲ ಇರೋದು. ಚೀಲ ಇಲ್ಲದ್ದು ಅಂದರೆ ಡಬ್ಬಿ ಬಿಚ್ಚಿ ಕಸದ ಬುಟ್ಟಿಗೆ ತಟ್ಟಬೇಕು. ಒಳಗೆ ಎಳೆದ ಧೂಳೆಲ್ಲ ಮೂಗಿಗೆ ಬರುತ್ತೆ, ಆಮೇಲೆ ನಾನು ಎರಡು ದಿನ ಸೀನಬೇಕು. ತೀರಾ ಸಣ್ಣ ಧೂಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇದ್ದರೆ ಒಳ್ಳೇದು. ಆದರೆ ಫಿಲ್ಟರ್ 99.95 ಪರ್ಸೆಂಟ್ ಹಿಡಿದರೂ ಮುಚ್ಚಳದ ರಬ್ಬರ್ ಸಡಿಲ ಇದ್ದರೆ ಧೂಳು ಪಕ್ಕದಿಂದ ಆಚೆ ಬರುತ್ತೆ. ಕತ್ತಲೆ ಮಾಡಿ, ಗಾಳಿ ಆಚೆ ಬರೋ ಕಡೆ ಟಾರ್ಚ್ ಬಿಟ್ಟು ನೋಡಿ, ಗೊತ್ತಾಗುತ್ತೆ.

ದೊಡ್ಡಣ್ಣ: ಚೀಲಕ್ಕೆ ಸುಮ್ನೆ ಖರ್ಚು. ಮೂರು ವರ್ಷ ಆದ ಮೇಲೆ ಆ ಚೀಲ ಸಿಗುತ್ತಾ?

ಅತ್ತಿಗೆ: ಬಹಳ ಮೆಷಿನ್‌ಗಳಿಗೆ ಹೊಂದೋ ಚೀಲದ್ದು ತಗೊಂಡರೆ ಸಿಗುತ್ತೆ. ಮೊದಲು ಚೀಲ ಹುಡುಕೋದು, ಆಮೇಲೆ ಮೆಷಿನ್ನು. ಮತ್ತೆ, ಖರ್ಚಿನ ಮಾತು ನೀವು ಎತ್ತಿದ್ದಕ್ಕೆ ಹೇಳ್ತೀನಿ. ಆ ಬಿಳಿ ಪುಡಿ ಗೋಡೆಗೆ ಪುಟ್ಟಿ ಹಾಕಿ ಉಜ್ಜಿದ್ದು. ಇವರು ಶೆಲ್ಫ್ ಹೊಡೆಯೋಕೆ ಹೋಗಿ ಗೋಡೆ ಒಡೆದು, ಅದಕ್ಕೆ ಪುಟ್ಟಿ ತುಂಬಿ, ಉಜ್ಜಿ, ಆ ಪುಡಿಯನ್ನೆಲ್ಲ ಎಳೆದಿದ್ದಾರೆ. ಮೂರು ಸಲ ತಾನಾಗೇ ನಿಂತಿತು. "ಬಿಸಿಯಾಗಿದೆ, ಸ್ವಲ್ಪ ತಣ್ಣಗಾಗಲಿ" ಅಂತ ಕಾದು ಕಾದು ಮತ್ತೆ ಆನ್ ಮಾಡಿದರು.

ಅಕ್ಕ: ಅಣ್ಣಾ!!! ನನ್ನ ಮೇಲೆ ಹೇಳಿದ್ದಲ್ಲ ನೀನು, ನಾನು ಫಿಲ್ಟರ್ ತೊಳೆದದ್ದಕ್ಕೆ ಹೋಯ್ತು ಅಂತ!

ದೊಡ್ಡಣ್ಣ: ನೀನು ಒದ್ದೆ ಫಿಲ್ಟರ್ ಹಾಕಿ ಕಳಿಸಿದ್ದು ಸುಳ್ಳಾ? ಆ ವಾಸನೆ ಒಂದು ತಿಂಗಳು ಹೋಗಲಿಲ್ಲ.

ಅಕ್ಕ: ಅರ್ಧ ದಿನ ಒಣಗಿಸಿದ್ದೆ.

ನಾನು: ಒಂದು ದಿನ ಪೂರ್ತಿ ಬೇಕು ಅಕ್ಕ, ಮೋಡ ಇದ್ದರೆ ಇನ್ನೂ ಜಾಸ್ತಿ. ಆದರೆ ಕೊಂದಿದ್ದು ಪುಟ್ಟಿನೇ. ಎಳೆದ ಗಾಳಿನೇ ಮೋಟಾರನ್ನೂ ತಣ್ಣಗಿಡೋದು. ಆ ನುಣುಪು ಪುಡಿ ಬಟ್ಟೆ ಫಿಲ್ಟರಿನ ಕಣ್ಣೆಲ್ಲ ಮುಚ್ಚಿಬಿಟ್ಟರೆ ಗಾಳಿ ಇಲ್ಲ, ಮೋಟಾರ್ ಬೇಯುತ್ತೆ. ಅದು ಮೂರು ಸಲ ನಿಂತದ್ದು ಸುಸ್ತಾಗಿ ಅಲ್ಲ ಅಣ್ಣ, ಬೇಡ ಅಂತ ಕೈ ಮುಗಿದದ್ದು.

ದೊಡ್ಡಣ್ಣ: ಆಯ್ತು ಮಹಾರಾಯ್ತಿ. ನನ್ನ ಪಾಲಿಗೆ ಸ್ವಲ್ಪ ಜಾಸ್ತಿ ಹಾಕಿ.

ನಾನು: ನಾನು ಹೇಳೋದು ಇಷ್ಟೇ. ಒಬ್ಬರೇ ಬಳಸೋದಾದರೆ ಅವರಿಗೆ ಇಷ್ಟವಾದ್ದು ತಗೋಬಹುದು. ಇದು ಮೂರು ಮನೆಯದು, ಹಾಗಾಗಿ ನಮ್ಮಲ್ಲಿ ಎಲ್ಲರಿಗಿಂತ ಒರಟಾಗಿ ಬಳಸೋನು ಯಾರೋ ಅವನ ಕೈಗೂ ಬದುಕೋ ಅಂಥದ್ದು ಬೇಕು. (ಹೆಸರು ಹೇಳಲ್ಲ.) ವೈರಿನದು, ಚೀಲ ಇರೋದು, 800 ಅಥವಾ 900 ವ್ಯಾಟ್, ಚೀಲ ಹಾಕದಿದ್ದರೆ ಮುಚ್ಚಳವೇ ಕೂರಬಾರದು. ಕೆಲವು ಮೆಷಿನ್‌ನಲ್ಲಿ ಆ ವ್ಯವಸ್ಥೆ ಇದೆ, ನಮಗೆ ಅದು ಬೇಕೇ ಬೇಕು. ಪುಟ್ಟಿ, ಸಿಮೆಂಟು, ನೀರು ಎಳೆಯೋ ಆಸೆ ಇರೋರು ಡ್ರಮ್ ಥರ ಇರೋ ವೆಟ್ ಅಂಡ್ ಡ್ರೈ ಬೇರೆ ತಗೊಳ್ಳಲಿ, ಸ್ವಂತ ದುಡ್ಡಲ್ಲಿ. ನುಣುಪು ಪುಡಿಗೆ ಅದಕ್ಕೂ ಚೀಲ ಹಾಕಬೇಕು ಅಂತ ಈಗಲೇ ಹೇಳಿದ್ದೇನೆ.

ಭಾವ: ಹಾಗಾದರೆ ರೋಬೋಟ್ ಇಲ್ವಾ?

ಅಕ್ಕ: ನೆಲದ ಮೇಲಿನ ವೈರೆಲ್ಲ ಎತ್ತಿಟ್ಟ ದಿನ ನಾನೇ ಕೊಡಿಸ್ತೀನಿ.

ಅಮ್ಮ: 🎤 1:12

ನಾನು: ಮೀಟಿಂಗಲ್ಲಿ ಇರೋರಿಗೆ ಅಮ್ಮ ಹೇಳಿದ್ದು ಬರೀತೀನಿ. ನೆಲಕ್ಕೆ ಪೊರಕೆ ಸಾಕಂತೆ, ಮೆಷಿನ್ ಬೇಕಿರೋದು ಹಾಸಿಗೆ, ಸೋಫಾ ಸಂದಿ, ಪರದೆ ಮೇಲೆ. ಹಾಗಾಗಿ ಸಣ್ಣ ಬ್ರಷ್ಷು, ಚಪ್ಪಟೆ ಬಾಯಿ ಎರಡೂ ಕಳೆದು ಹೋಗದೆ ಮೆಷಿನ್ ಮೇಲೇ ಸಿಕ್ಕಿಸೋ ಹಾಗಿರಬೇಕು. ಬಟನ್ನು ಕಾಲಲ್ಲಿ ಒತ್ತೋ ಹಾಗಿರಬೇಕು, ಬಗ್ಗೋಕೆ ಆಗಲ್ಲ. ಶಬ್ದ ಕಡಿಮೆ ಇರಬೇಕು, ಹಳೇದು ಹಾಕಿದರೆ ಬಾಗಿಲು ಬಡಿದದ್ದೂ ಕೇಳ್ತಿರಲಿಲ್ಲ. ಮೆಷಿನ್ ಕೆಳಗಿನ ಮನೆಯಲ್ಲೇ ಇರುತ್ತದೆ. ತಗೊಂಡು ಹೋಗೋರು ಚೀಲ ತೋರಿಸಿ ತಗೊಂಡು ಹೋಗಬೇಕು, ಚೀಲ ತೋರಿಸಿ ವಾಪಸ್ ಇಡಬೇಕು.

ಚಿಕ್ಕಪ್ಪ: ಲೈಬ್ರರಿ ಪುಸ್ತಕದ ಹಾಗೆ 👏

ಅತ್ತಿಗೆ: ಅತ್ತೆ ಹೇಳಿದ್ದೇ ಸರಿ. ಶಬ್ದಕ್ಕೆ ಡಬ್ಬದ ಮೇಲೆ ಡೆಸಿಬೆಲ್ ಬರೆದಿರುತ್ತೆ, 70ರ ಆಸುಪಾಸು ಇದ್ದರೆ ತಗೊಳ್ಳೋಣ.

ನಾನು: ಎರಡು ಆರಿಸಿ ಸಂಜೆ ಲಿಂಕ್ ಹಾಕ್ತೀನಿ. ಹಳೇ ಪೈಪು, ಬ್ರಷ್ಷು ಯಾರೂ ಬಿಸಾಕಬೇಡಿ. ನಮ್ಮದು 32 ಎಂಎಂ, ಹೊಸದೂ ಅದೇ ಅಳತೆ ಆದರೆ ಬ್ರಷ್ಷೆಲ್ಲ ಅದಕ್ಕೇ ಕೂರುತ್ತದೆ.

ದೊಡ್ಡಣ್ಣ: ಭಾನುವಾರದೊಳಗೆ ಬರುತ್ತಾ? ಶೆಲ್ಫಿಗೆ ಇನ್ನೂ ಎರಡು ತೂತು ಬಾಕಿ ಇದೆ.

ಅತ್ತಿಗೆ: ಪೊರಕೆ ಬಾಗಿಲ ಹಿಂದೆ ಇದೆ.