ಚಾಮುಂಡಿಬೆಟ್ಟ: ಮೆಟ್ಟಿಲ ಪಕ್ಕದ ಅಡ್ಡದಾರಿಗಳನ್ನು ಮುಚ್ಚೋದು ಹೇಗೆ?

ಪ್ರಶ್ನೆ – ಪಾದದವರು
ಬೆಟ್ಟದ ಪಾದದಿಂದ ನಂದಿವರೆಗೆ ಮೆಟ್ಟಿಲ ಪಕ್ಕ ಅಡ್ಡದಾರಿಗಳು ಬಿದ್ದಿವೆ. ತುಳಿದು ತುಳಿದು ನೆಲ ಗಟ್ಟಿಯಾಗಿದೆ, ಮಳೆ ಬಂದರೆ ನೀರು ಅಲ್ಲೇ ಹರಿದು ಗಿಡದ ಬೇರೆಲ್ಲ ಹೊರಗೆ ಬಂದಿದೆ. ನಮ್ಮ ವಾಕಿಂಗ್ ಬಳಗ ಅರಣ್ಯ ಇಲಾಖೆ ಜೊತೆ ಸೇರಿ ಸರಿಪಡಿಸಬೇಕು ಅಂತಿದೆ. ತಂತಿಬೇಲಿ ಹಾಕಿಸಿದರೆ ಸಾಕಾ? ಆಷಾಢ ಶುಕ್ರವಾರಗಳಿಗೆ ಮುಂಚೆ ಏನೇನು ಮುಗಿಸಬಹುದು?

ಉತ್ತರ – ಕುರುಚಲು ಕಾಡು
ಮೊದಲು ವಲಯ ಅರಣ್ಯಾಧಿಕಾರಿಯಿಂದ ಬರಹದಲ್ಲಿ ಅನುಮತಿ ತಗೊಳ್ಳಿ. ಇದು ಮೀಸಲು ಅರಣ್ಯ, 1963ರ ಕರ್ನಾಟಕ ಅರಣ್ಯ ಕಾಯ್ದೆಗೆ ಒಳಪಟ್ಟಿದ್ದು. ಒಳ್ಳೇ ಕೆಲಸಕ್ಕೇ ಆದರೂ ಕೇಳದೆ ಕೊಂಬೆ ಕಡಿಯೋ ಹಾಗಿಲ್ಲ.

ಬೇಲಿ ಬೇಡ. ಪ್ರಾಣಿಗಳಿಗೆ ತಡೆ, ಜನ ಅದರ ಪಕ್ಕದಲ್ಲೇ ಇನ್ನೊಂದು ದಾರಿ ಮಾಡ್ತಾರೆ. ದಾರಿಯ ಎರಡೂ ಬಾಯಿ ಕಣ್ಣಿಗೆ ಬೀಳದ ಹಾಗೆ ಮಾಡಿ. ಕೆಳಗಿನದ್ದು ಮಾತ್ರ ಮುಚ್ಚಿದರೆ ಇಳಿಯುವವರು ಮೇಲಿಂದ ನುಗ್ತಾರೆ. ಬಾಯಿಂದ ಒಳಕ್ಕೆ ಹತ್ತು ಹದಿನೈದು ಅಡಿ ಒಣ ಮುಳ್ಳುಕಂಟಿ ಒತ್ತೊತ್ತಾಗಿ ಹರಡಿ. ಕಡಿದ ಲಂಟಾನ ಮಾತ್ರ ಹಾಕಬೇಡಿ. ಕಾಯಿ ಇದ್ದರೆ ಬೀಜ ಉದುರುತ್ತೆ, ಬೇಸಿಗೆಯಲ್ಲಿ ಬೆಂಕಿಗೆ ಸೌದೆಯಾಗುತ್ತೆ.

ಕೊರಕಲು ಬಿದ್ದ ಕಡೆ ಅಲ್ಲೇ ಬಿದ್ದಿರೋ ಕಲ್ಲಿಂದ ಅಡ್ಡಗಟ್ಟೆ ಕಟ್ಟಿ. ಎತ್ತರ ಒಂದೂವರೆ ಅಡಿ ದಾಟಬಾರದು. ನಡುಭಾಗ ತಗ್ಗಾಗಿರಲಿ, ಎರಡೂ ತುದಿ ದಂಡೆಯೊಳಗೆ ಹೂತಿರಲಿ. ಎಲ್ಲರೂ ತಪ್ಪೋದು ಇಲ್ಲೇ: ನಡು ಎತ್ತರವಾದರೆ ನೀರು ಪಕ್ಕ ಕೊರೆದು ಕೊರಕಲು ಇನ್ನೂ ಅಗಲವಾಗುತ್ತೆ. ಕೆಳಗಿನ ಕಟ್ಟೆಯ ನೆತ್ತಿ ಮೇಲಿನ ಕಟ್ಟೆಯ ಬುಡಕ್ಕೆ ಸಮ ಬರಬೇಕು. ಹಾಗಾಗಿ ಕಡಿದಾದ ಕಡೆ ಕಟ್ಟೆಗಳು ಹತ್ತಿರ ಹತ್ತಿರ ಬರ್ತವೆ.

ಕೊರಕಲಿಲ್ಲದ ಕಡೆ, ಗಟ್ಟಿಯಾದ ನೆಲವನ್ನು ಹಾರೆಯಿಂದ ನಾಲ್ಕೈದು ಅಂಗುಲ ಸಡಿಲ ಮಾಡಿ ಮೇಲೆ ತರಗೆಲೆ ಹಾಸಿ. ಏಪ್ರಿಲ್-ಮೇ ತಿಂಗಳ ಮೊದಲ ಮಳೆಗಳ ಹೊತ್ತಿಗೆ ಇದು ಮುಗಿದಿರಲಿ. ಬೆಟ್ಟದಲ್ಲೇ ಸಿಗೋ ತಂಗಡಿ, ಬಂದರಿಕೆ ಬೀಜ ಸಾಕು. ನರ್ಸರಿಯ ಹೂಮರ ತಂದು ನೆಡಬೇಡಿ, ಈ ಕಾಡಿಗೆ ಅವು ಹೊಂದಲ್ಲ.

ಉತ್ತರ – ಸಾವಿರ ಮೆಟ್ಟಿಲು
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಜನ ಮೆಟ್ಟಿಲು ಬಿಟ್ಟು ಇಳಿಯೋದು ಯಾಕೆ ಅಂತಲೂ ನೋಡಬೇಕಲ್ವಾ? ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಹತ್ತುತ್ತಾರೆ. ಹಿಂದಿನವರಿಗೆ ದಾಟೋಕೆ ಜಾಗ ಸಾಲದೆ ಮಣ್ಣಿಗೆ ಇಳೀತಾರೆ. ಆಷಾಢದಲ್ಲಿ ಮಣ್ಣು ಮೊದಲೇ ನೆನೆದಿರುತ್ತೆ, ಒಂದು ಬೆಳಗಿಗೇ ದಾರಿ ಬೀಳುತ್ತೆ. ಹರಕೆಯವರಿಗೆ ಎಡಗಡೆ ಅಂಚು, ಉಳಿದವರಿಗೆ ಬಲಗಡೆ ಅಂತ ಪಾದದಲ್ಲೇ ಬೋರ್ಡ್ ಹಾಕಿಸಿ, ತಿರುವುಗಳಲ್ಲಿ ಇಬ್ಬಿಬ್ಬರು ಸ್ವಯಂಸೇವಕರು ನಿಲ್ಲಲಿ. ಬೈಯೋದು ಬೇಡ. ‘ಅಮ್ಮ, ಈ ಕಡೆಯಿಂದ ಬನ್ನಿ’ ಅಂದರೆ ಎಲ್ಲರೂ ಕೇಳ್ತಾರೆ.

ನೀರಿನ ದಾರಿಯನ್ನು ಹಗುರವಾಗಿ ತಗೋಬೇಡಿ. 2021ರ ಮಳೆಗೆ ನಂದಿ ಕಡೆಯ ರಸ್ತೆ ಕುಸಿದದ್ದು ನೆನಪಿದೆಯಲ್ಲ.

ಉತ್ತರ – ಬೆಳಗಿನ ನಡಿಗೆ
ಇನ್ನೊಂದು ಮಾತು. ಕೋತಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡೋದನ್ನೂ ನಿಲ್ಲಿಸಬೇಕು. ಉಳಿದ ತಿಂಡಿಗೆ ಬೀದಿನಾಯಿ ಬರುತ್ತೆ, ನಾಯಿ ಹಿಡಿಯೋಕೆ ಚಿರತೆ ಮೆಟ್ಟಿಲ ಹತ್ತಿರಕ್ಕೇ ಬರುತ್ತೆ. ಬೆಳಕು ಹರಿಯೋ ಮುಂಚೆ ಒಬ್ಬೊಬ್ಬರೇ ಹತ್ತಬೇಡಿ.

ಪಾದದವರು
ಎಲ್ಲರಿಗೂ ಧನ್ಯವಾದ. ದಾರಿ ತುಂಬಾ ಇವೆ, ಯಾವುದರಿಂದ ಶುರು ಮಾಡೋದು?

ಕುರುಚಲು ಕಾಡು
ಎಲ್ಲಕ್ಕಿಂತ ಮೇಲಿರೋದರಿಂದ. ಕೆಳಗಿನದ್ದು ಮೊದಲು ಕಟ್ಟಿದರೆ ಮೇಲಿನ ನೀರೆಲ್ಲ ಬಂದು ಒಡೆದುಹಾಕುತ್ತೆ. ಮೊದಲ ಜೋರು ಮಳೆಯ ಮಾರನೇ ದಿನ ಹೋಗಿ ನೋಡಿ. ಕಟ್ಟೆಯ ತುದಿಯಲ್ಲಿ ಮಣ್ಣು ಕೊರೆದಿದ್ದರೆ ದಂಡೆಯನ್ನು ಇನ್ನೊಂದಡಿ ಬಗೆದು ಅಲ್ಲಿಗೂ ಕಲ್ಲು ಹೂಳಿ.